ಹಿಮ್ಮುಖ ಟ್ರೇಲರ್ ಮತ್ತು ಪೆರೋ ಅವರ ಗಡಿಯಾರ

ಕಾಫಿ ಕೊಯ್ಲಿನ ದಿನಗಳು. ಆಲೂರು ತಾಲ್ಲೂಕಿನ ಪಾಳ್ಯದ ಬಳಿಯ ಒಂದು ತೋಟದಲ್ಲಿ ಹೊಸದಾಗಿ ಟ್ರ್ಯಾಕ್ಟರ್ ಹಿಡಿದ ಹುಡುಗನೊಬ್ಬ ಎರಡು ಚಕ್ರದ ಟ್ರೇಲರನ್ನು ಹಿಮ್ಮುಖವಾಗಿ ಕಣಕ್ಕೆ ಬಿಡಲು ಹೆಣಗುತ್ತಿದ್ದ. ಮೂರು ಸಲವೂ ಟ್ರೇಲರ್ ಮಡಚಿಕೊಂಡು ಅಡ್ಡ ನಿಂತಿತು. ಸುತ್ತ ನಿಂತವರು ನಕ್ಕರು. ಹಳೆಯ ಚಾಲಕರೊಬ್ಬರು ಮಾತ್ರ, "ಸೊಟ್ಟಗಾದ್ರೆ ಮುಂದಕ್ಕೆ ಎಳ್ಕೊ ಮಗ, ನಾಚ್ಕೆ ಏನಿಲ್ಲ" ಎಂದರು. ಆ ಹುಡುಗ ದಡ್ಡನೇ? ಭೌತಶಾಸ್ತ್ರ ಹಾಗೆನ್ನುವುದಿಲ್ಲ.

ಈ ಸಮಸ್ಯೆಯ ಗಣಿತ ಟ್ರ್ಯಾಕ್ಟರಿಗಿಂತ ಬಹಳ ಹಳೆಯದು. 1670ರ ದಶಕದಲ್ಲಿ ಪ್ಯಾರಿಸಿನ ವೈದ್ಯ ಹಾಗೂ ವಾಸ್ತುಶಿಲ್ಪಿ ಕ್ಲೋಡ್ ಪೆರೋ ಅವರು ಸರಪಳಿ ಕಟ್ಟಿದ ಜೇಬುಗಡಿಯಾರವನ್ನು ಮೇಜಿನ ಮೇಲಿಟ್ಟರು. ಸರಪಳಿಯ ತುದಿಯನ್ನು ಮೇಜಿನ ಅಂಚಿನಗುಂಟ ಎಳೆದು, ಗಡಿಯಾರ ಸಾಗುವ ವಕ್ರರೇಖೆ ಯಾವುದೆಂದು ಕೇಳಿದರು. ಲೈಬ್ನಿಟ್ಸ್ 1693ರಲ್ಲಿ ಇದರ ಉತ್ತರ ಪ್ರಕಟಿಸಿದರು. ಹೈಗನ್ಸ್ ಕೂಡ ಈ ರೇಖೆಯನ್ನು ಅಭ್ಯಸಿಸಿದ್ದರು. ಇಂದು ಇದಕ್ಕೆ 'ಟ್ರ್ಯಾಕ್ಟ್ರಿಕ್ಸ್' ಎಂದು ಹೆಸರು. ಎಳೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವೇ 'ಟ್ರ್ಯಾಕ್ಟರ್' ಪದಕ್ಕೂ ಮೂಲ.

ಟ್ರೇಲರಿನ ಚಕ್ರಗಳು ಪಕ್ಕಕ್ಕೆ ಜಾರುವುದಿಲ್ಲ. ಸದಾ ಕೊಂಡಿಯ ದಿಕ್ಕಿನಲ್ಲೇ ಉರುಳುತ್ತವೆ. ಆದ್ದರಿಂದ ಗಡಿಯಾರದ ನಿಯಮವೇ ಅವಕ್ಕೂ ಅನ್ವಯಿಸುತ್ತದೆ. ಮುಂದಕ್ಕೆ ಎಳೆದಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೋನ ತಾನಾಗಿಯೇ ಕುಗ್ಗುತ್ತದೆ. ಹಿಂದಕ್ಕೆ ತಳ್ಳಿದಾಗ ಅದೇ ಸಮೀಕರಣ ತಿರುಗಿ ನಿಂತು, ಕೋನ ಘಾತೀಯವಾಗಿ ಹಿಗ್ಗುತ್ತದೆ.

ಒಂದು ಲೆಕ್ಕ ನೋಡೋಣ. ಕೊಂಡಿಯಿಂದ ಟ್ರೇಲರಿನ ಅಚ್ಚಿಗೆ 3 ಮೀಟರ್ ಇರಲಿ, ಆರಂಭದಲ್ಲಿ ಕೋನ ಕೇವಲ 5 ಡಿಗ್ರಿ ಇರಲಿ. ಟ್ರ್ಯಾಕ್ಟರ್ ನೇರವಾಗಿ 3 ಮೀಟರ್ ಹಿಂದೆ ಸರಿದರೆ ಕೋನ ಸುಮಾರು 14 ಡಿಗ್ರಿಯಾಗುತ್ತದೆ. 6 ಮೀಟರ್ ಸರಿದರೆ ಸುಮಾರು 36 ಡಿಗ್ರಿ! ಇದೇ ಅಂತರ 12 ಮೀಟರ್ ಇದ್ದರೆ, 6 ಮೀಟರ್ ಸರಿದ ಮೇಲೂ ಕೋನ ಸುಮಾರು 8 ಡಿಗ್ರಿ ಮಾತ್ರ. ಹೆದ್ದಾರಿಯ ಉದ್ದನೆಯ ಕಂಟೇನರ್ ಲಾರಿಗಿಂತ ತೋಟದ ಗಿಡ್ಡ ಟ್ರೇಲರ್ ಹೆಚ್ಚು ಬೇಗ ಕೈಮೀರುವುದು ಇದರಿಂದಲೇ.

ನಮ್ಮ ಗಾಡಿ ಹೊಡೆಯುವವರಿಗೂ ಈ ಕಷ್ಟ ಗೊತ್ತಿತ್ತು. ಇಕ್ಕಟ್ಟಿನ ಜಾಗದಲ್ಲಿ ಅವರು ಎತ್ತು ಬಿಚ್ಚಿ, ಮೂಕಿ ಹಿಡಿದು ಗಾಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. 1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಅವರು ಮರದ ವ್ಯಾಪಾರಿಯೊಬ್ಬರ ದೋಣಿ ಸಾಗಿಸಲು ಫೋರ್ಡ್ ಕಾರಿಗೆ ಟ್ರೇಲರ್ ಜೋಡಿಸಿಕೊಟ್ಟರು. ಇಂಥ ವಾಹನಗಳು ಬಳಕೆಗೆ ಬಂದ ಮೇಲೆ ಎತ್ತು ಬಿಚ್ಚುವ ಉಪಾಯ ಉಳಿಯಲಿಲ್ಲ. ತಿದ್ದುವ ಹೊಣೆಯೆಲ್ಲ ಚಾಲಕನ ಮೇಲೆ ಬಿತ್ತು.

ಈ ಹೊಣೆ ಎಷ್ಟು ಕಠಿಣವೆಂಬುದನ್ನು 1989ರ ಒಂದು ಸಂಶೋಧನೆ ತೋರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರಿಕ್ ನ್ಯೂಯೆನ್ ಮತ್ತು ಬರ್ನಾರ್ಡ್ ವಿಡ್ರೋ ಅವರು ಕೃತಕ ನರಜಾಲವೊಂದಕ್ಕೆ ಗಣಕದಲ್ಲಿ ಟ್ರೇಲರ್ ಲಾರಿಯನ್ನು ಹಿಮ್ಮುಖವಾಗಿ ಬಿಡಲು ಕಲಿಸಿದರು. ಕಲಿಯಲು ಅದಕ್ಕೆ ಸಾವಿರಾರು ಯತ್ನಗಳು ಬೇಕಾದವು. ಪಾಠ ಶುರುವಾದದ್ದು ಸುಲಭದ ಸ್ಥಿತಿಯಿಂದ. ಲಾರಿ ಆಗ ನಿಲ್ದಾಣದ ಹತ್ತಿರವೇ ಇತ್ತು. ಆಮೇಲೆ ದೂರ ಹೆಚ್ಚಿತು. ಒಳ್ಳೆಯ ಮೇಷ್ಟರು ಮಾಡುವುದೂ ಇದನ್ನೇ ಅಲ್ಲವೆ?

ಕಲಿಯುವವರು ತಿಳಿದಿರಬೇಕಾದದ್ದು ಮೂರು ಮಾತು. ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಚಕ್ರದ ಕೆಳಭಾಗ ಹಿಡಿದರೆ ಈ ಗೊಂದಲ ತಪ್ಪುತ್ತದೆ. ಕೈ ಸರಿದ ಕಡೆಗೇ ಟ್ರೇಲರ್ ಸರಿಯುತ್ತದೆ. ಎರಡನೆಯದು, ಕೋನ ಹಿಗ್ಗುವುದು ಸರಿದ ದೂರಕ್ಕೆ ತಕ್ಕಂತೆ. ವೇಗ ಅರ್ಧವಾದರೆ ತಿದ್ದಲು ಸಿಗುವ ಸಮಯ ಎರಡರಷ್ಟಾಗುತ್ತದೆ. ಹಿಂದೆ ಯಾರೋ ನಿಂತಿರಬಹುದಾದ ಕಣದಲ್ಲಿ, ತೋಟದ ಇಳಿಜಾರಿನಲ್ಲಿ, ಈ ಕ್ಷಣಗಳಿಗೆ ಜೀವದ ಬೆಲೆಯಿದೆ. ಮೂರನೆಯದು, ಕೋನ ಮಿತಿಮೀರಿದರೆ ಹಿಮ್ಮುಖ ಚಲನೆಯಲ್ಲಿ ಅದನ್ನು ತಿದ್ದಲಾಗದು. ಮುಂದಕ್ಕೆ ಎಳೆಯಲೇಬೇಕು.

ಶಿಕ್ಷಕರು ದಾರಕ್ಕೆ ಬೀಗ ಕಟ್ಟಿ ಪೆರೋ ಅವರ ಪ್ರಯೋಗವನ್ನು ತರಗತಿಯ ಮೇಜಿನ ಮೇಲೆಯೇ ಮಾಡಿಸಬಹುದು. ದಾರದ ಬದಲು ಕಡ್ಡಿ ಕಟ್ಟಿ ತಳ್ಳಿಸಿದರೆ ಬೀಗ ಬೇಗನೆ ಅಡ್ಡ ತಿರುಗುವುದು ಕಾಣುತ್ತದೆ.

ಆ ಹುಡುಗ ಮುಂದಕ್ಕೆ ಎಳೆದುಕೊಂಡ, ಟ್ರೇಲರ್ ನೇರವಾಯಿತು. ಈ ಸಲ ನಿಧಾನವಾಗಿ ಬಿಟ್ಟ. ಲೈಬ್ನಿಟ್ಸ್ ಸಮೀಕರಣದಲ್ಲಿ ಬರೆದದ್ದನ್ನು ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದರು.