ಇಲಿಯ ಬೆನ್ನು, ಹಂದಿಯ ಚರ್ಮ

ಸಿಂಧನೂರಿನ ಮೆಡಿಕಲ್ ಶಾಪಿನಲ್ಲಿ ಸುಟ್ಟ ಗಾಯಕ್ಕೆ ಮುಲಾಮು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಸಿಲ್ವರ್ ಸಲ್ಫಾಡಯಾಜಿನ್. ಅಮೆರಿಕದ ಚಾರ್ಲ್ಸ್ ಫಾಕ್ಸ್ 1968ರಲ್ಲಿ ಅದನ್ನು ಪ್ರಕಟಿಸುವ ಮೊದಲು ಸುಟ್ಟು ಸೋಂಕು ತಗುಲಿಸಿದ ಚಿಟ್ಟಿಲಿಗಳ ಮೇಲೆ ಪರೀಕ್ಷಿಸಿದ್ದರು. ಅದೇ ವರ್ಷ ಸ್ಯಾನ್ ಆಂಟೋನಿಯೋದ ಸೇನಾ ಸಂಶೋಧಕರಾದ ವಾಕರ್ ಮತ್ತು ಮೇಸನ್ ಈ ಪ್ರಯೋಗಗಳಿಗೆ ಒಂದು ಅಳತೆ ಕೊಟ್ಟರು. ಅರಿವಳಿಕೆ ಕೊಟ್ಟ ಇಲಿಯನ್ನು ಅಚ್ಚಿನಲ್ಲಿಟ್ಟು, ಬೆನ್ನಿನ ನಿಗದಿತ ಭಾಗವನ್ನಷ್ಟೇ ಬಿಸಿನೀರಿಗೆ ಸೆಕೆಂಡುಗಳ ಲೆಕ್ಕದಲ್ಲಿ ತಾಗಿಸುವ ವಿಧಾನವದು. ಎಲ್ಲ ಇಲಿಗಳ ಗಾಯವೂ ಒಂದೇ ಗಾತ್ರದ್ದಾದಾಗಲೇ ಔಷಧಗಳನ್ನು ಹೋಲಿಸಲು ಸಾಧ್ಯ.

ಔಷಧ ಉಳಿಸಬಹುದಾದದ್ದೇನು? ಸುಟ್ಟ ಗಾಯದ ನಡುವಿನ ಸತ್ತ ಭಾಗದ ಸುತ್ತ ಸಾವು ಬದುಕಿನ ನಡುವೆ ತೂಗುವ ವಲಯವಿದೆಯೆಂದು ಬ್ರಿಟನ್ನಿನ ಜ್ಯಾಕ್ಸನ್ 1953ರಲ್ಲೇ ಹೇಳಿದ್ದರು. ಗಾಯ ಒಣಗದಂತೆ ಕಾದರೆ ಆ ವಲಯ ಉಳಿಯುತ್ತದೆಂದು 1974ರಲ್ಲಿ ಸಂಶೋಧಕ ಜವಾಕಿ ಗಿನಿಪಿಗ್‌ಗಳಲ್ಲಿ ತೋರಿಸಿದರು.

ಇಂಥ ಪ್ರಯೋಗಗಳಿಗೆ ನಮ್ಮ ರಾಜ್ಯದ ಕೊಡುಗೆ ಮಣಿಪಾಲದ್ದು. ಬೈರಿ, ಸೋಮಯಾಜಿ, ರಾವ್ 1997ರಲ್ಲಿ ಪ್ರಕಟಿಸಿದ ವಿಧಾನಕ್ಕೆ ದುಬಾರಿ ಯಂತ್ರ ಬೇಡ. ಅರಿವಳಿಕೆಯಲ್ಲಿರುವ ಇಲಿಯ ಬೆನ್ನು ಬೋಳಿಸಿ, 300 ಚದರ ಮಿಲಿಮೀಟರ್ ಬಾಯಿಯ ಲೋಹದ ಕೊಳವೆ ಇಟ್ಟು, 80 ಡಿಗ್ರಿಯ ಕರಗಿದ ಮೇಣ ಸುರಿಯುತ್ತಾರೆ. ಮೇಣ ಗಟ್ಟಿಯಾದ ಮೇಲೆ ಕೊಳವೆ ತೆಗೆದರೆ ಅಂಚು ಸ್ಪಷ್ಟವಾದ ದುಂಡನೆ ಗಾಯ, ಅದೂ ಚರ್ಮದ ಪೂರ್ತಿ ಆಳಕ್ಕಿಳಿಯದ್ದು. ಆಮೇಲೆ ಪಾರದರ್ಶಕ ಹಾಳೆಯಲ್ಲಿ ಅಂಚು ಬರೆದುಕೊಂಡು ಗ್ರಾಫ್ ಚೌಕ ಎಣಿಸುವುದು. ಗಿಡಮೂಲಿಕೆ ಸಾರಗಳ ಪರೀಕ್ಷೆಗೆ ಫಾರ್ಮಸಿ ಕಾಲೇಜುಗಳು ಇದನ್ನೇ ಹಿಡಿದವು. ಅಗ್ಗ, ಸರಳ. ನನ್ನ ತಕರಾರು ಇರುವುದೂ ಆ ಸಲೀಸಿನ ಬಗ್ಗೆಯೇ.

ಇಲಿಯ ಚರ್ಮ ಸಡಿಲ. ಅದರ ಕೆಳಗಿನ ತೆಳು ಸ್ನಾಯುಪದರ ಗಾಯವನ್ನು ಎಳೆದು ಮುಚ್ಚುತ್ತದೆ. ಮನುಷ್ಯನಲ್ಲಿ ಹೊಸ ಚರ್ಮ ಬೆಳೆದು ಹರಡುವುದೇ ಮುಖ್ಯ. ಹೀಗಾಗಿ ಇಲಿಯ ಗಾಯ ಬೇಗ ಚಿಕ್ಕದಾಯಿತೆಂಬ ಒಂದೇ ಆಧಾರದ ಮೇಲೆ ಎಲೆಯ ರಸವನ್ನು ಮದ್ದೆಂದು ಸಾರುವುದು ಅವಸರದ ಮಾತು. ಇಲಿಗೂ ನೋವುಂಟು. ಪ್ರಾಣಿ ಪ್ರಯೋಗಗಳ ಕುರಿತ 1998ರ ನಿಯಮಗಳ ಪ್ರಕಾರ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ.

ಹಂದಿಯ ಚರ್ಮ ನಮ್ಮದಕ್ಕೆ ಹತ್ತಿರ. ಹಸಿಯಾಗಿಟ್ಟ ಗಾಯ ಬೇಗ ಮುಚ್ಚುತ್ತದೆಂದು ಜಾರ್ಜ್ ವಿಂಟರ್ 1962ರಲ್ಲಿ ಕಂಡದ್ದು ಹಂದಿಯಲ್ಲೇ. ಗಾಯ ಮಾಯುವ ಅಧ್ಯಯನಗಳನ್ನು 2001ರಲ್ಲಿ ತಾಳೆ ನೋಡಿದಾಗ ಹಂದಿಯ ಫಲಿತಾಂಶಗಳು ಮನುಷ್ಯರದ್ದಕ್ಕೆ 78 ಪ್ರತಿಶತ ಹೊಂದಿದವು, ಸಣ್ಣ ಪ್ರಾಣಿಗಳದ್ದು 53 ಮಾತ್ರ. ಆದರೆ ಹಂದಿ ಸಾಕುವುದು ದುಬಾರಿ, ಎಲ್ಲ ಕಾಲೇಜಿಗೂ ಎಟುಕದು.

ಬ್ರಿಸ್ಬೇನ್‌ನ ಲೀಲಾ ಕಟಲ್ ತಂಡದ ಹಂದಿ ಪ್ರಯೋಗಗಳಂತೂ ನೇರ ನಮ್ಮ ಅಡುಗೆಮನೆಗೇ ಬರುತ್ತವೆ: ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು, ಗಂಟೆಯೊಳಗೆ ಶುರುಮಾಡಿದರೂ ಪ್ರಯೋಜನವಿದೆ. ಆದ್ದರಿಂದ ಮಿರ್ಚಿ ಎಣ್ಣೆಯೋ ಮಿಲ್ಲಿನ ಬಾಯ್ಲರ್ ಹಬೆಯೋ ತಾಗಿದರೆ ಟೂತ್‌ಪೇಸ್ಟ್, ಇಂಕು, ಐಸು ಹಚ್ಚಬೇಡಿ. ನಲ್ಲಿ ಬಿಡಿ, ಆಮೇಲೆ ಆಸ್ಪತ್ರೆಗೆ ಹೋಗಿ.