ಬ್ರಿಟನ್ನಿನ ಸರಕಾರಿ ಗಾಲಿಕುರ್ಚಿ

ಬ್ರಿಟನ್ನಿನಲ್ಲಿ ಸರಕಾರಿ ಖರ್ಚಿನ ಗಾಲಿಕುರ್ಚಿ ಮೊದಲು ಸಿಕ್ಕಿದ್ದು ಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆ, ಪಿಂಚಣಿ ಸಚಿವಾಲಯದ ಮೂಲಕ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ನಾಗರಿಕರಿಗೂ ದೊರೆಯಿತು. ಕೃತಕ ಕಾಲು ಕೊಡುವ ಕೇಂದ್ರಗಳೇ ಕುರ್ಚಿಯನ್ನೂ ಕೊಡುತ್ತಿದ್ದವು. ಕಾಲಿಗಿದ್ದ ಗಮನ ಕುರ್ಚಿಗಿರಲಿಲ್ಲ. ಇಯಾನ್ ಮೆಕಾಲ್ ನೇತೃತ್ವದ 1986ರ ವರದಿ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿತು. 1991ರಲ್ಲಿ ಇಂಗ್ಲೆಂಡಿನ ಸೇವೆ ಸ್ಥಳೀಯ ಆರೋಗ್ಯ ಪ್ರಾಧಿಕಾರಗಳ ಪಾಲಾಯಿತು. ಕುರ್ಚಿ ಹತ್ತಿರಕ್ಕೆ ಬಂತು ನಿಜ, ಆದರೆ ಯಾರಿಗೆ ಕೊಡಬೇಕೆಂಬ ನಿಯಮ ಊರಿಗೊಂದಾಯಿತು.

ಬೆನ್ನುಮೂಳೆ ಡೊಂಕಾದವರಿಗೆ ಮಾಮೂಲಿ ಕುರ್ಚಿ ಸಾಲದು. ಸಣ್ಣ ಮಣಿಗಳು ತುಂಬಿದ ಚೀಲದ ಮೇಲೆ ಅವರನ್ನು ಸರಿಯಾದ ಭಂಗಿಯಲ್ಲಿ ಕೂರಿಸಿ, ಚೀಲದೊಳಗಿನ ಗಾಳಿಯನ್ನು ಹೀರಿ ತೆಗೆದರೆ ಅದು ಗಟ್ಟಿಯಾಗಿ ಮೈಯ ಅಚ್ಚು ಉಳಿಯುತ್ತದೆ; ಆಸನ ತಯಾರಾಗುವುದು ಆ ಅಚ್ಚಿನಂತೆ. ಬೆಳೆಯುವ ಮಕ್ಕಳಿಗೆ ಈ ಕೆಲಸ ಮತ್ತೆ ಮತ್ತೆ ಆಗಬೇಕು. ಸೇವೆ ಕೊಡುವ ಕುರ್ಚಿಯ ಬದಲು ತಮಗೆ ಬೇಕಾದ ಕುರ್ಚಿ ಪಡೆಯಲು ಬಳಕೆದಾರರು ಸ್ವಂತ ಹಣ ಸೇರಿಸಲು ಅವಕಾಶ ಕೊಡುವ ವೋಚರ್ ಪದ್ಧತಿ 1996ರಲ್ಲಿ ಬಂತು.