ಯೋಜನೆಗೆ ಹೆಸರಿಟ್ಟವರು ಯಾರು?



ಊರಿಗೆ ಒಳ್ಳೆಯದಾಗಲೆಂದು ಮುಖಂಡರೊಬ್ಬರು ಒಂದು ಕೆಲಸಕ್ಕೆ ಕೈಹಾಕುತ್ತಾರೆ. ಆ ಸುದ್ದಿ ಅವರ ಬಾಯಿಗಿಂತ ಮೊದಲು ಬೇರೆಯವರ ಬಾಯಿಂದ ಜನರನ್ನು ಮುಟ್ಟಿದರೆ ಏನಾಗುತ್ತದೆ? ಉತ್ತರ ನಮ್ಮ ಸೇಲಂ ಸೀಮೆಯ ಚರಿತ್ರೆಯಲ್ಲೇ ಇದೆ.

ರಾಜಾಜಿಯವರನ್ನು ನೀವೆಲ್ಲ ಬಲ್ಲಿರಿ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಸೇಲಂನಲ್ಲಿ ವಕೀಲರಾಗಿ, 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆದರು. 1925ರಲ್ಲಿ ತಿರುಚೆಂಗೋಡಿನ ಬಳಿ ಗಾಂಧಿ ಆಶ್ರಮ ಕಟ್ಟಿದರು. 1929ರಲ್ಲಿ ಆ ಆಶ್ರಮದಿಂದಲೇ 'ವಿಮೋಚನಂ' ಎಂಬ ತಮಿಳು ಪತ್ರಿಕೆ ಹೊರಡಿಸಿದರು. ಹೆಂಡ ಸಾರಾಯಿಯ ಕೇಡನ್ನು ಜನರಿಗೆ ತಿಳಿಸುವುದೇ ಅದರ ಕೆಲಸ. ಮುಂದೆ ಕಾದಂಬರಿಕಾರರಾಗಿ ಹೆಸರಾದ ಕಲ್ಕಿ ಕೃಷ್ಣಮೂರ್ತಿಯವರು ಅವರಿಗೆ ನೆರವಾಗಿ ಅದರಲ್ಲಿ ಕಥೆ ಬರೆದರು.

1937ರಲ್ಲಿ ರಾಜಾಜಿ ಮದರಾಸು ಪ್ರಾಂತದ ಪ್ರಧಾನಿಯಾದರು. ಅಕ್ಟೋಬರ್ 1ರಂದು ಪಾನನಿಷೇಧ ಮೊದಲು ಜಾರಿಗೆ ಬಂದದ್ದು ಸೇಲಂ ಜಿಲ್ಲೆಯಲ್ಲಿ. ಧರ್ಮಪುರಿ, ಹೊಸೂರು ಆಗ ಇದೇ ಜಿಲ್ಲೆಯಲ್ಲಿದ್ದವು. ಒಪ್ಪದವರೂ ಇದ್ದರೆನ್ನಿ. ಆದರೆ ಕಾನೂನು ಬರುವ ಎಂಟು ವರ್ಷ ಮೊದಲೇ ಅದರ ಕಾರಣವನ್ನು ಅವರು ಊರೂರಿಗೆ ಹೇಳತೊಡಗಿದ್ದರು.

ಅದೇ ರಾಜಾಜಿ 1952ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾದರು. ಆಗ ಹಳ್ಳಿಗಳಲ್ಲಿ ಶಾಲೆಯ ಮುಖ ಕಾಣದ ಮಕ್ಕಳೇ ಬಹಳ. ಕಟ್ಟಡ ಸಾಲದು, ಉಪಾಧ್ಯಾಯರೂ ಸಾಲರು. 1953ರಲ್ಲಿ ಒಂದು ಯೋಜನೆ ತಂದರು. ಹಳ್ಳಿಯ ಮಗುವಿಗೆ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮನೆಯಲ್ಲಿ ಹೆತ್ತವರ ಕಸುಬು. ಹೀಗೆ ಎರಡು ಪಾಳಿ ಮಾಡಿದರೆ ಅದೇ ಶಾಲೆಯಲ್ಲಿ ಹೆಚ್ಚು ಮಕ್ಕಳು ಓದಬಹುದೆಂಬ ಲೆಕ್ಕ. ಆದರೆ ಈ ಸಲ ಶಾಸಕರೊಡನೆಯೂ ಮುಂಚಿತವಾಗಿ ಚರ್ಚಿಸಲಿಲ್ಲ.

ವಿರೋಧಿಗಳು ಅದಕ್ಕೆ 'ಕುಲಕ್ಕಲ್ವಿ', ಅಂದರೆ ಕುಲದ ವಿದ್ಯೆ, ಎಂದು ಹೆಸರಿಟ್ಟರು. ಪೆರಿಯಾರರು, ದ್ರಾವಿಡ ಮುನ್ನೇಟ್ರ ಕಳಗದವರು ಬೀದಿಗಿಳಿದರು. ಜಾತಿ ಉಳಿಸುವುದು ತಮ್ಮ ಉದ್ದೇಶವಲ್ಲವೆಂದು ರಾಜಾಜಿ ಎಷ್ಟು ವಿವರಿಸಿದರೂ ಆ ಒಂದು ಮಾತು ಅಳಿಯಲಿಲ್ಲ. ಊರ ಬಾಯಿಗೆ ಬೀಗ ಹಾಕಲಾದೀತೇ? 1954ರಲ್ಲಿ ಅವರು ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಯೋಜನೆಯನ್ನೇ ಕೈಬಿಟ್ಟರು.

ಪ್ರಚಾರದಲ್ಲಿ ಸೋತರು ಎಂದಷ್ಟೇ ಹೇಳಿದರೆ ಮಾತು ಅರ್ಧವಾಯಿತು. ತಾರಮಂಗಲದ ನೇಕಾರ ತಾಯಿಯೊಬ್ಬಳನ್ನು ನೆನೆದುಕೊಳ್ಳಿ. "ನನ್ನ ಮಗ ಮಗ್ಗದ ಗುಳಿಯಿಂದ ಮೇಲೇಳುವುದು ಯಾವಾಗ?" ಎಂದು ಆಕೆ ಕೇಳಿದರೆ ಆ ಯೋಜನೆಯಲ್ಲಿ ಉತ್ತರವಿರಲಿಲ್ಲ. ಆ ಹೆಸರು ಅಂಟಿಕೊಂಡದ್ದು ಅದಕ್ಕೇ. ಮೊದಲೇ ಊರಿಗೆ ಬಂದು ಹೇಳಿದ್ದರೆ, ಆ ಪ್ರಶ್ನೆಯೂ ಮೊದಲೇ ಕಿವಿಗೆ ಬೀಳುತ್ತಿತ್ತು.

ಸಂಘ, ಪಂಚಾಯಿತಿ, ವ್ಯಾಪಾರ ನಡೆಸುವ ಕೇಳುಗರೇ, ಪತ್ರಿಕೆಯವರು ಬಾಗಿಲಿಗೆ ಬರುವ ಮುನ್ನ ನಿಮ್ಮವರ ಬಾಗಿಲಿಗೆ ನೀವು ಹೋಗಿ. ಏನು ಮಾಡುತ್ತೀರಿ, ಯಾಕೆ, ಅದರ ಹೊರೆ ಯಾರ ಮೇಲೆ ಬೀಳುತ್ತದೆ, ಎಲ್ಲವನ್ನೂ ನೀವೇ ಹೇಳಿ. ಹೇಳಿದ ಮೇಲೆ, ಅವರು ಹೇಳುವುದನ್ನೂ ಕೂತು ಕೇಳಿ.